ಆ ಮೋಟಾರನ್ನು ಇನ್ನು ವೈಂಡಿಂಗ್‌ಗೆ ಕಳಿಸಬೇಡಿ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮ್ಮ ಜಿಲ್ಲಾ ಆಸ್ಪತ್ರೆಯ ನೀರಿನ ಪಾಡು ಊರಿಗೆಲ್ಲ ಗೊತ್ತು. ಅರ್ಜಿ ಕೊಟ್ಟಾಯಿತು, ಜನತಾ ದರ್ಶನದಲ್ಲಿ ಟೋಕನ್ ಹಿಡಿದು ನಿಂತಾಯಿತು. ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಬಂತು. ಈಗ ಪತ್ರಿಕೆಗೆ ಬರೆಯುತ್ತಿರುವುದು ಕಳೆದ ಮಂಗಳವಾರದ ದೆಸೆಯಿಂದ.

ನನ್ನ ಅವ್ವನ ಡಯಾಲಿಸಿಸ್ ನಾಲ್ಕು ಗಂಟೆ ನಡೆಯಬೇಕಿತ್ತು. ಅರ್ಧಕ್ಕೇ ಯಂತ್ರ ಕೂಗಿಕೊಂಡಿತು. ಮೇಲಿನ ಟ್ಯಾಂಕ್ ಖಾಲಿ, ಆರ್‌ಒ ಘಟಕ ಬಂದ್. ಸಿಸ್ಟರ್ ರಕ್ತವನ್ನು ಮೈಗೆ ವಾಪಸ್ ಬಿಟ್ಟು, ಸೂಜಿ ತೆಗೆದು, ‘ಶುಕ್ರವಾರ ಬನ್ನಿ ಅಜ್ಜಿ, ಅಲ್ಲೀವರೆಗೆ ನೀರು ಕಮ್ಮಿ ಕುಡೀರಿ’ ಎಂದರು. ಕಾಲು ಊದಿಸಿಕೊಂಡೇ ಅವ್ವ ಆಟೊ ಹತ್ತಿದಳು. ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನಿಮ್ಮ ಮಾತಿನ ಮೇಲೆ.

ಡಯಾಲಿಸಿಸ್ ಘಟಕದ ಟೇಪು ಕತ್ತರಿಸಿದ ದಿನ ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ನೀವು ಹೇಳಿದ್ದಿರಿ: ‘ಯುಗಾದಿಯೊಳಗೆ ಎರಡೂ ಪಂಪು ಹೊಸದು. ಇದು ನನ್ನ ಮಾತು.’ ಚಪ್ಪಾಳೆ ತಟ್ಟಿದವರಲ್ಲಿ ಅವ್ವನೂ ಇದ್ದಳು. ಯುಗಾದಿ ಹೋಯಿತು, ಗಣಪತಿಯೂ ನೀರಿಗೆ ಹೋದ. ಪಂಪು ಬರಲಿಲ್ಲ. ಪಂಪ್‌ಹೌಸಿನ ಗೋಡೆಗೆ ಸುಣ್ಣ ಬಂತು.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಆಸ್ಪತ್ರೆಯ ಹತ್ತು ಎಚ್‌ಪಿ ಮೋಟಾರು ಸುಟ್ಟಾಗೆಲ್ಲ ನನ್ನಲ್ಲಿಗೇ ಬರುತ್ತದೆ. ಅದು ಸುಟ್ಟಷ್ಟೂ ನನಗೆ ಸಂಪಾದನೆ. ಆದ್ದರಿಂದ ಈ ಮಾತನ್ನು ಸ್ವಾರ್ಥಕ್ಕೆ ಹೇಳುತ್ತಿದ್ದೇನೆಂದು ಯಾರೂ ಅನ್ನುವ ಹಾಗಿಲ್ಲ. ಎರಡು ಪಂಪುಗಳಲ್ಲಿ ಸ್ಟ್ಯಾಂಡ್‌ಬೈ ಪಂಪು ಸತ್ತು ಎಷ್ಟೋ ಕಾಲವಾಯಿತು. ಅದರ ಬೇರಿಂಗು, ಇಂಪೆಲ್ಲರು ಕಿತ್ತು ಇನ್ನೊಂದಕ್ಕೆ ಹಾಕಿದ್ದಾರೆ. ಓಡುವ ಪಂಪಿನ ಗ್ಲ್ಯಾಂಡಿನಿಂದ ನೀರು ಸುರಿಯುತ್ತದೆ. ನಾನ್-ರಿಟರ್ನ್ ವಾಲ್ವ್ ಹಿಡಿಯುವುದಿಲ್ಲ. ಪಂಪು ನಿಲ್ಲಿಸಿದೊಡನೆ ಮೇಲೇರಿದ ನೀರು ದಡಾರನೆ ಇಳಿದು ಪೈಪನ್ನು ಗುದ್ದುತ್ತದೆ. ಸ್ಟಾರ್ಟರ್ ಪೆಟ್ಟಿಗೆ ತೆರೆದು ನೋಡಿ: ಓವರ್‌ಲೋಡ್ ರಿಲೇ ಟ್ರಿಪ್ ಆಗದಂತೆ ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಮೋಟಾರನ್ನು ಕಾಯಬೇಕಾದ ರಿಲೇಯನ್ನೇ ಕಟ್ಟಿಹಾಕಿದ ಮೇಲೆ ವೈಂಡಿಂಗ್ ಸುಡದೆ ಇನ್ನೇನಾದೀತು? ಆಪರೇಟರನ್ನು ಬೈಯಲಾರೆ. ರಿಲೇ ಬಿದ್ದರೆ ಹೆರಿಗೆ ವಾರ್ಡಿಗೆ ನೀರಿಲ್ಲ, ಬೈಗುಳ ಅವನಿಗೇ.

ಲೆಕ್ಕ ದೊಡ್ಡದೇನಲ್ಲ. ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ನೀರು ಬೇಕೆಂದು ಭಾರತೀಯ ಮಾನಕ ಐಎಸ್ 1172 ಹೇಳುತ್ತದೆ. ನಮ್ಮ 250 ಹಾಸಿಗೆಗೆ ಅದು 1,12,500 ಲೀಟರ್. ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಅರ್ಧ ಲೀಟರ್ ಶುದ್ಧ ನೀರು ಕೇಳುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಆರ್‌ಒದಲ್ಲಿ ಹೊರಹೋಗುವುದು ಬೇರೆ. ಟ್ಯಾಂಕರ್ ತರಿಸುತ್ತೇವೆ ಅನ್ನುತ್ತಾರೆ. ಅದು ತರುವ ಬೋರ್‌ವೆಲ್ಲಿನ ಗಡಸು ನೀರು ಕುಡಿದು ಆರ್‌ಒ ಪೊರೆ ಕಟ್ಟಿಕೊಂಡರೆ ಅದರ ಬಿಲ್ಲಿಗೆ ಇನ್ನೊಂದು ಕಡತ.

ಕಡತ ನಿಂತಿದ್ದೇಕೆ ಗೊತ್ತೇ? ಎರಡು ಪಂಪಿನ ಎಸ್ಟಿಮೇಟಿಗೆ ವೇಗ ಬದಲಿಸುವ ಡ್ರೈವ್, ಮೊಬೈಲಿನಲ್ಲಿ ನೋಡುವ ವ್ಯವಸ್ಥೆ, ಇನ್ನೂ ಏನೇನೋ ಸೇರಿಸಿ ಉಬ್ಬಿಸಿದ್ದಾರೆ. ಸಂಪಿನಿಂದ ನಿಗದಿತ ಎತ್ತರದ ಟ್ಯಾಂಕಿಗೆ ನೀರೇರಿಸುವ ಪಂಪಿಗೆ ಡ್ರೈವಿನಿಂದ ಉಳಿಯುವುದು ಅಷ್ಟಕ್ಕಷ್ಟೆ. ಬೇಕಿರುವುದು ಐಇ3 ದರ್ಜೆ ಮೋಟಾರಿನ ಎರಡು ಪಂಪು, ಒಂದು ಕೆಟ್ಟರೆ ಇನ್ನೊಂದು ತಾನಾಗಿ ಓಡುವ ಪ್ಯಾನೆಲ್, ಹೊಸ ವಾಲ್ವ್, ವರ್ಷವಿಡೀ ನಿರ್ವಹಣೆಯ ಕರಾರು. ಇಷ್ಟನ್ನು ನಮ್ಮೂರಿನ ಕಲ್ಯಾಣ ಮಂಟಪಗಳೇ ಮಾಡಿಕೊಂಡಿವೆ ಸ್ವಾಮಿ.

ನಿಮ್ಮ ಸರ್ಕಾರಕ್ಕೆ ಮಾತ್ರ ಹೇಳುತ್ತಿಲ್ಲ, ಹಿಂದಿನವರೂ ಹೀಗೇ. ಕಟ್ಟಡಕ್ಕೆ ಹಣವಿದೆ, ಫಲಕಕ್ಕೆ ಹಣವಿದೆ, ಫಲಕದಲ್ಲಿ ಹೆಸರಿಗೆ ಜಾಗವಿದೆ. ವಾಲ್ವ್ ಬದಲಿಸಿದರೆ ಯಾರೂ ಶಿಲಾಫಲಕ ನೆಡುವುದಿಲ್ಲವಲ್ಲ! 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತರು. ಆಮೇಲೆ ಸಮಿತಿ, ಆಯೋಗ, ವರದಿ ಎಲ್ಲ ಬಂದವು. ನೀರಿಗೂ ಹೆಣ ಬೀಳಬೇಕೇ? ಕೆಡಿಪಿ ಸಭೆಯಲ್ಲಿ ಗೋಡಂಬಿ ತಟ್ಟೆ ಸರಿಸಿ ಒಮ್ಮೆಯಾದರೂ ‘ಯುಗಾದಿಗೆ ಅಂದಿದ್ದೆ, ಏನಾಯಿತು?’ ಎಂದು ಅಧಿಕಾರಿಗಳನ್ನು ಕೇಳಿದ್ದೀರಾ?

ಇನ್ನು ಹಬ್ಬದ ಹೆಸರು ಹೇಳಬೇಡಿ. ಉಬ್ಬಿಸಿದ ಎಸ್ಟಿಮೇಟ್ ವಾಪಸ್ ತರಿಸಿ, ಎರಡು ಪಂಪಿಗೆ ಆದೇಶ ಮಾಡಿಸಿ. ಪಂಪು ಓಡುವ ತಾರೀಕನ್ನು ಕಾಗದದಲ್ಲಿ ಬರೆದು, ಸಹಿ ಹಾಕಿ, ಡಯಾಲಿಸಿಸ್ ವಾರ್ಡಿನ ಬಾಗಿಲಿಗೆ ಅಂಟಿಸಿ. ಆಗದು ಅನ್ನುವುದಾದರೆ ಅದನ್ನೇ ಬರೆದು ಅಂಟಿಸಿ. ಸಾಲ ಮಾಡಿಯಾದರೂ ಅವ್ವನನ್ನು ಬೇರೆ ಊರಿಗೆ ಕರೆದೊಯ್ಯುತ್ತೇನೆ. ನಿಮ್ಮ ಮಾತು ನಂಬಿ ಮಾತ್ರ ಇನ್ನು ಕಾಯುವುದಿಲ್ಲ.

ಇತಿ,
ಡಯಾಲಿಸಿಸ್ ರೋಗಿಯೊಬ್ಬರ ಮಗ