ಯುಪಿಎಸ್ ಬ್ಯಾಟರಿ: ಬೆಲೆಗೆ ಮೊದಲು ಕೇಳಬೇಕಾದ ಪ್ರಶ್ನೆ

ಗೃಹಬಳಕೆಯ ವಸ್ತುಗಳ ಪೈಕಿ ಅತಿ ಕಡಿಮೆ ಮಾತುಕತೆಯಲ್ಲಿ ಮುಗಿದುಹೋಗುವ ವ್ಯಾಪಾರವೆಂದರೆ ಬಹುಶಃ ಯುಪಿಎಸ್ ಬ್ಯಾಟರಿಯದು. ‘ನೂರೈವತ್ತರ ಬ್ಯಾಟರಿ ಎಷ್ಟು? ವಾರಂಟಿ ಎಷ್ಟು ತಿಂಗಳು? ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ?’ ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಬಿಲ್ಲು ಸಿದ್ಧ. ಕರೆಂಟ್ ಹೋದಾಗ ಮನೆಯಲ್ಲಿ ಏನೇನು ನಡೆಯಬೇಕು, ಎಷ್ಟು ಹೊತ್ತು ನಡೆಯಬೇಕು ಎಂದು ವಿಚಾರಿಸುವ ಅಂಗಡಿಗಳು ವಿರಳ. ಬ್ಯಾಟರಿ ಅಕಾಲದಲ್ಲಿ ಸೊರಗಿ, ಗ್ರಾಹಕ ಜಗಳಕ್ಕೆ ಬಂದು ನಿಂತಾಗ ಮಾತ್ರ ಆ ವಿಚಾರಣೆ ಆರಂಭವಾಗುತ್ತದೆ. ಅಷ್ಟರಲ್ಲಿ ಗ್ರಾಹಕನ ಹಣದ ಜೊತೆಗೆ ಅಂಗಡಿಯ ಹೆಸರೂ ಹೋಗಿರುತ್ತದೆ.

ಬ್ಯಾಟರಿಯ ಮೇಲೆ ಅಚ್ಚಾಗಿರುವ 150 ಆಂಪಿಯರ್ ಅವರ್ ಎಂಬ ಅಂಕಿ ಸುಳ್ಳಲ್ಲ. ಆದರೆ ಅದಕ್ಕೊಂದು ಷರತ್ತಿದೆ. ಮನೆ ಯುಪಿಎಸ್‌ಗೆ ಮಾರುವ ಲೆಡ್ ಆ್ಯಸಿಡ್ ಬ್ಯಾಟರಿಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ 20 ಗಂಟೆಗಳ ಲೆಕ್ಕದಲ್ಲಿ ಹೇಳಲಾಗುತ್ತದೆ. ಅಂದರೆ ಏಳೂವರೆ ಆಂಪಿಯರಿನಂತೆ ನಿಧಾನವಾಗಿ ತೆಗೆದರೆ ಮಾತ್ರ ಆ 150 ಪೂರ್ತಿ ದೊರೆಯುತ್ತದೆ. ವೇಗವಾಗಿ ತೆಗೆದಷ್ಟೂ ದೊರೆಯುವ ಒಟ್ಟು ಮೊತ್ತವೇ ಕಡಿಮೆಯಾಗುತ್ತದೆ. ಮೂರು ಹಳೆಯ ಮಾದರಿಯ ಫ್ಯಾನುಗಳು, ಆರು ಎಲ್‌ಇಡಿ ದೀಪಗಳು, ಒಂದು ಟಿವಿ, ಒಂದು ವೈಫೈ ರೂಟರ್ ಇರುವ ಮನೆಯನ್ನು ಗಮನಿಸೋಣ. ಭಾರ ಸುಮಾರು 370 ವಾಟ್. ಹನ್ನೆರಡು ವೋಲ್ಟನ್ನು ನೂರೈವತ್ತರಿಂದ ಗುಣಿಸಿ ಭಾಗಿಸಿದರೆ ಐದು ಗಂಟೆ ಎಂಬ ಉತ್ತರ ಬರುತ್ತದೆ. ಕೌಂಟರಿನಲ್ಲಿ ಹೇಳುವುದೂ ಅದನ್ನೇ. ಯುಪಿಎಸ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು ಸುಮಾರು 38 ಆಂಪಿಯರ್. ಆ ವೇಗದಲ್ಲಿ ಹೊಸ ಬ್ಯಾಟರಿಯೂ ಎರಡೂವರೆಯಿಂದ ಮೂರು ಗಂಟೆ ನಡೆದರೆ ಹೆಚ್ಚು. ಐದು ಗಂಟೆಯ ಮಾತು ಕೇಳಿ ಕೊಂಡವನಿಗೆ ಮೂರು ಗಂಟೆ ಮೋಸವಾಗಿಯೇ ಕಾಣುತ್ತದೆ.

ಇದೇ ಮನೆಯ ಮೂರು ಫ್ಯಾನುಗಳನ್ನು ಮೂವತ್ತು ವಾಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಿಸಿದರೆ ಅದೇ ಬ್ಯಾಟರಿ ನಾಲ್ಕು ಗಂಟೆ ದಾಟುತ್ತದೆ. ಎಲೆಕ್ಟ್ರಿಕಲ್ ಅಂಗಡಿಯವರು ಎರಡನ್ನೂ ಮಾರುತ್ತಾರಾದರೂ ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ ಹೇಳುವುದಿಲ್ಲ ಎಂಬುದು ಸೋಜಿಗ.

ಸೋಲಾರ್ ಬ್ಯಾಟರಿಗಳ ಅಂಕಿಯನ್ನು 10 ಗಂಟೆಗಳ ಲೆಕ್ಕದಲ್ಲಿ ಕೊಡುವುದು ರೂಢಿ. ಆದ್ದರಿಂದ ಎರಡು ಬ್ಯಾಟರಿಗಳ ಮೇಲೂ 150 ಎಂದಿದ್ದರೂ ಅವು ಸಮಾನವಲ್ಲ. ಬೆಲೆಯ ವ್ಯತ್ಯಾಸಕ್ಕೆ ಕಾರಣ ಕೇಳಿದ ಗ್ರಾಹಕನಿಗೆ ‘ಅದು ಕಂಪನಿಯ ರೇಟು’ ಎಂದು ಉತ್ತರಿಸುವುದು ವರ್ತಕನ ಘನತೆಗೆ ತಕ್ಕುದಲ್ಲ.

ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. ಬ್ಯಾಟರಿಯನ್ನು ತುಂಬಲು ಅದರ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಕರೆಂಟ್ ಬೇಕೆಂಬುದು ಹಳೆಯ ಕೆಲಸಗಾರರ ಲೆಕ್ಕ. ಹತ್ತು ಆಂಪಿಯರ್ ಕೊಡುವ ಹಳೆಯ ಯುಪಿಎಸ್‌ಗೆ 220ರ ಬ್ಯಾಟರಿ ಕಟ್ಟಿ, ದಿನಕ್ಕೆ ನಾಲ್ಕಾರು ಬಾರಿ ಕರೆಂಟ್ ಹೋಗುವ ಊರಿಗೆ ಕಳುಹಿಸಿದರೆ ಅದು ಒಮ್ಮೆಯೂ ಪೂರ್ತಿ ತುಂಬಲಾರದು. ಅರೆತುಂಬಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಆಯುಷ್ಯ ಕುಗ್ಗುತ್ತದೆ. ಹೆಚ್ಚು ಹಣ ತೆತ್ತವನೇ ಬೇಗ ಮರಳಿ ಬರುತ್ತಾನೆ.

ಕಾರಿನ ಬ್ಯಾಟರಿಯನ್ನು ಯುಪಿಎಸ್‌ಗೆ ಕಟ್ಟಿಕೊಡುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಇಂಜಿನ್ನು ಎಬ್ಬಿಸುವ ಕೆಲವು ಕ್ಷಣಗಳಿಗೆಂದು ತೆಳು ಫಲಕಗಳಿಂದ ಮಾಡಿದ ಆ ಬ್ಯಾಟರಿ ಗಂಟೆಗಟ್ಟಲೆಯ ದುಡಿತವನ್ನು ತಾಳಲಾರದು. ಕರೆಂಟ್ ಅಪರೂಪಕ್ಕೆ ಹೋಗುವ ಕಡೆ ಯುಪಿಎಸ್‌ಗೆಂದೇ ಮಾಡಿದ ಫ್ಲಾಟ್ ಪ್ಲೇಟ್ ಸಾಕು; ಪದೇ ಪದೇ ಹೋಗುವ ಕಡೆ ಟ್ಯೂಬುಲರ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನೀರು ಹಾಕುವ ರಗಳೆಯಿಲ್ಲ, ತೂಕವೂ ಬಹಳ ಕಡಿಮೆ. ಆದರೆ ಅದರ ಚಾರ್ಜಿಂಗ್ ಕ್ರಮ ಬೇರೆ. ಲೆಡ್ ಆ್ಯಸಿಡ್‌ಗೆಂದು ರೂಪಿಸಿದ ಹಳೆಯ ಯುಪಿಎಸ್‌ಗೆ ಅದನ್ನು ಕಟ್ಟುವ ಮುನ್ನ ಯುಪಿಎಸ್‌ನಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ನೋಡಲೇಬೇಕು. ಕಲಬುರಗಿ, ರಾಯಚೂರಿನಂತಹ ಬಿಸಿಲು ನಾಡಿನಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು: ತಾಪಮಾನ ಹತ್ತು ಡಿಗ್ರಿ ಏರಿದರೆ ಲೆಡ್ ಆ್ಯಸಿಡ್ ಬ್ಯಾಟರಿಯ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ತಗಡಿನ ಮಾಡಿನ ಕೆಳಗೆ ಇಟ್ಟು, ಬೋರ್‌ವೆಲ್ ನೀರು ಸುರಿದರೆ ಯಾವ ಕಂಪನಿಯ ಬ್ಯಾಟರಿಯೂ ಬಾಳದು.

ವಾರಂಟಿಯ ವಿಷಯದಲ್ಲಿ ವ್ಯಾಪಾರಿಗಳ ಮೌನ ಇನ್ನೂ ಆಳವಾದುದು. ಅರವತ್ತು ತಿಂಗಳೆಂದು ದೊಡ್ಡಕ್ಷರದಲ್ಲಿ ಹೇಳಿದ್ದರಲ್ಲಿ ಉಚಿತ ಬದಲಾವಣೆಯ ಅವಧಿ ಎಷ್ಟು, ರಿಯಾಯಿತಿಯ ಅವಧಿ ಎಷ್ಟು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ರಿಯಾಯಿತಿಯನ್ನು ಎಂಆರ್‌ಪಿಯ ಮೇಲೆ ಲೆಕ್ಕ ಹಾಕುವುದು ಸಾಮಾನ್ಯ. ಪೇಟೆಯಲ್ಲಿ ಹೊಸ ಬ್ಯಾಟರಿಯೇ ಎಂಆರ್‌ಪಿಗಿಂತ ಸಾಕಷ್ಟು ಕಡಿಮೆಗೆ ಸಿಗುವಾಗ ಆ ರಿಯಾಯಿತಿಯಿಂದ ಗ್ರಾಹಕನಿಗೆ ಉಳಿಯುವುದು ಅತ್ಯಲ್ಪ. ಇದನ್ನು ಮುಚ್ಚಿಟ್ಟು, ಮೇಲಾಗಿ ‘ಐದು ವರ್ಷ ಏನೂ ಆಗದು, ನಾನಿದ್ದೇನೆ’ ಎಂದು ಭರವಸೆ ಕೊಡುವವರಿಗೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪರಿಚಯವಿದ್ದಂತಿಲ್ಲ. ತಯಾರಕನ ವಾರಂಟಿಯ ಹೊರತಾಗಿ ಮಾರಾಟಗಾರನೇ ಸ್ಪಷ್ಟವಾಗಿ ಕೊಟ್ಟ ಭರವಸೆಗೆ ಸರಕು ತಕ್ಕಂತಿರದೆ ಹಾನಿಯಾದರೆ, ಮಾರಾಟಗಾರನನ್ನೇ ಹೊಣೆಯಾಗಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ.

ಇಷ್ಟೆಲ್ಲ ವಿವರಿಸುತ್ತ ಕೂತರೆ ಗ್ರಾಹಕ ಐನೂರು ರೂಪಾಯಿ ಕಡಿಮೆಯ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲವೆಂದಲ್ಲ, ಕೆಲವರು ಹೋಗಿಯೇ ಹೋಗುತ್ತಾರೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಲೆಡ್ ಆ್ಯಸಿಡ್ ಬ್ಯಾಟರಿಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದು, ಲಿಥಿಯಂ ಬ್ಯಾಟರಿಯ ದರಕ್ಕೆ ಸಮನಾಗಿದೆ. ತೆರಿಗೆಯ ಅಂತರ ಅಳಿದ ಮೇಲೆ ಗ್ರಾಹಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುತ್ತಾನೆ. ಆಗ ಅವನಿಗೆ ಬೇಕಾಗುವುದು ತಿಳಿದು ಹೇಳುವ ವರ್ತಕ. ಐನೂರು ರೂಪಾಯಿ ಬಿಡುವುದನ್ನಾದರೆ ಆನ್‌ಲೈನ್ ಮಾರಾಟಗಾರರೂ ಬಲ್ಲರು.

ಸಣ್ಣ ತಯಾರಕರ ಪಾಲಿನ ಕೆಲಸವೂ ಇದೆ. ಎಷ್ಟು ಗಂಟೆಗಳ ಲೆಕ್ಕದ ಸಾಮರ್ಥ್ಯ, ಯಾವ ತಿಂಗಳು ತಯಾರಾದದ್ದು ಎಂಬುದನ್ನು ಸಂಕೇತಾಕ್ಷರಗಳಲ್ಲಿ ಅಡಗಿಸದೆ ಕನ್ನಡದಲ್ಲಿಯೂ ಅಚ್ಚು ಹಾಕಬಹುದು. ಆಮ್ಲ ತುಂಬಿದ ಬ್ಯಾಟರಿ ಗೋದಾಮಿನಲ್ಲಿ ಕೂತಿದ್ದಾಗಲೂ ತಾನಾಗಿ ಇಳಿಯುತ್ತಿರುತ್ತದೆ. ಆರು ತಿಂಗಳು ಚಾರ್ಜ್ ಕಾಣದ ಸರಕನ್ನು ಹೊಸದೆಂದು ಕೊಡುವುದು ತಯಾರಕನಿಗೂ ಅನ್ಯಾಯವೇ.

ವಾಣಿಜ್ಯ ಸಂಸ್ಥೆಗಳು ತಮ್ಮ ಸದಸ್ಯರಿಗಾಗಿ ಒಂದು ಪುಟದ ಕನ್ನಡ ನಮೂನೆಯನ್ನು ಸಿದ್ಧಪಡಿಸಿ ಕೊಡಬಹುದು. ಮನೆಯ ಭಾರ ಎಷ್ಟು ವಾಟ್, ಎಷ್ಟು ಗಂಟೆ ನಡೆಯಬೇಕು, ಯುಪಿಎಸ್‌ನ ಚಾರ್ಜಿಂಗ್ ಕರೆಂಟ್ ಎಷ್ಟು, ಉಚಿತ ಬದಲಾವಣೆ ಯಾವ ದಿನಾಂಕದವರೆಗೆ, ಹಳೆಯ ಬ್ಯಾಟರಿಯನ್ನು ಯಾರಿಗೆ ಒಪ್ಪಿಸಲಾಯಿತು. ಐದು ಸಾಲು, ಕೆಳಗೆ ಇಬ್ಬರ ಸಹಿ, ಒಂದು ಪ್ರತಿ ಬಿಲ್ಲಿನ ಜೊತೆಗೆ. ಕೊನೆಯ ಸಾಲು ಬರಿಯ ಔಪಚಾರಿಕವಲ್ಲ: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದ ಮೇಲೂ ಹಳೆಯ ಬ್ಯಾಟರಿಗಳು ಗುಜರಿಯವರ ಕೈ ಸೇರಿ, ಆಮ್ಲ ಚರಂಡಿಗೂ ಸೀಸ ಹಿತ್ತಲ ಕುಲುಮೆಗೂ ಹೋಗುವುದು ನಿಂತಿಲ್ಲ.