ಕರೆಂಟು ಬಂದರೂ ಏಳದ ಕಲೆ

ಜಿಲ್ಲಾ ಕೇಂದ್ರಗಳ ಮ್ಯೂಸಿಯಂ, ಕಲಾ ಗ್ಯಾಲರಿಗಳಿಗೂ ಈಗ ಕಂಪ್ಯೂಟರ್ ಕಲೆ ಕಾಲಿಟ್ಟಿದೆ. ಗೋಡೆ ಮೇಲೆ ಚಿತ್ರ ಹರಿಯುತ್ತೆ, ಹತ್ತಿರ ಹೋದರೆ ಸದ್ದು ಹೊರಡುತ್ತೆ. ಉದ್ಘಾಟನೆ ದಿನ ಎಲ್ಲ ಸರಿ. ನಾಲ್ಕು ದಿನ ಕಳೆದ ಮೇಲೆ ಕರೆಂಟು ಹೋಗಿ ಬರುತ್ತದೆ. ಫ್ಯಾನು ತಿರುಗುತ್ತದೆ, ಗೋಡೆ ಮಾತ್ರ ಕಪ್ಪು! ಕಲಾವಿದ ಬೆಂಗಳೂರಿನಲ್ಲಿ, ಗುತ್ತಿಗೆದಾರನ ಫೋನು ಸ್ವಿಚಾಫ್. ಕೈಗೆ ಸಿಗುವವನು ವಾಚ್‌ಮನ್, ಬೈಗುಳವೆಲ್ಲ ಅವನಿಗೇ.

ವಿದ್ಯುತ್ ಕಂಪನಿಯ ತಲೆಗೆ ಕಟ್ಟುವುದು ಸುಲಭ. ಆದರೆ ಕರೆಂಟು ಹೋಗುವುದು ಈ ನಾಡಿಗೆ ಹೊಸ ಸುದ್ದಿಯೇನಲ್ಲ. ಗೊತ್ತಿದ್ದೂ ಟೆಂಡರಿನಲ್ಲಿ ಒಂದು ಸಾಲು ಬರೆಯದವರದೇ ತಪ್ಪು.

ಮಾಮೂಲಿ ಕಂಪ್ಯೂಟರಿನ ಬಯೋಸ್‌ನಲ್ಲಿ ಕರೆಂಟು ಮರಳಿದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ: ಸುಮ್ಮನಿರು, ಹಿಂದಿನ ಸ್ಥಿತಿಗೆ ಹೋಗು, ಆನ್ ಆಗು. ಬಹಳಷ್ಟು ಯಂತ್ರಗಳು 'ಸುಮ್ಮನಿರು' ಎಂದೇ ಅಂಗಡಿಯಿಂದ ಬರುತ್ತವೆ. ಬದಲಾಯಿಸಲು ಎರಡು ನಿಮಿಷ ಸಾಕು, ಖರ್ಚು ಸೊನ್ನೆ.

'ಯುಪಿಎಸ್ ಹಾಕಿದೀವಲ್ಲ' ಎನ್ನುತ್ತಾರೆ. ತಮಾಷೆ ಇರೋದೇ ಇಲ್ಲಿ. ಬ್ಯಾಟರಿ ಇಳಿಯುತ್ತಿದೆ ಎಂದು ಯುಪಿಎಸ್ ಹೇಳಿದೊಡನೆ ಕಂಪ್ಯೂಟರ್ ಶಿಸ್ತಾಗಿ ಬಂದ್ ಆಗುತ್ತದೆ. ಬ್ಯಾಟರಿ ಪೂರ್ತಿ ಬರಿದಾಗುವ ಮುನ್ನವೇ ಕರೆಂಟು ಬಂದರೆ? ಕಂಪ್ಯೂಟರಿನ ಪ್ಲಗ್ಗಿಗೆ ಕರೆಂಟು ನಿಂತೇ ಇಲ್ಲ. ಏಳಬೇಕೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? 'ಹಿಂದಿನ ಸ್ಥಿತಿ' ಆರಿಸಿಟ್ಟವರ ಪಾಡೂ ಅಷ್ಟೆ, ಹಿಂದಿನ ಸ್ಥಿತಿಯೇ ಬಂದ್! ಕಂಪ್ಯೂಟರ್ ಬಂದ್ ಆದ ಮೇಲೆ ಯುಪಿಎಸ್ ಕೂಡ ಪ್ಲಗ್ಗಿನ ಕರೆಂಟನ್ನು ಒಮ್ಮೆ ಕಡಿದು, ಮತ್ತೆ ಕೊಡುವಂತೆ ಹೊಂದಿಸಬೇಕು.

ಅಂಗೈಯಗಲದ ರಾಸ್ಪ್‌ಬೆರಿ ಪೈ ಕರೆಂಟು ಬಂದೊಡನೆ ತಾನೇ ಏಳುತ್ತದೆ. ಅದರ ಕಷ್ಟ ಬೇರೆ. ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡು ಕೆಟ್ಟೀತು. ಓದಲು ಮಾತ್ರ ಬರುವಂತೆ ಕಾರ್ಡಿಗೆ ಬೀಗ ಹಾಕುವ ಏರ್ಪಾಡು ಅದರಲ್ಲೇ ಇದೆ, ಹಾಕುವವರು ಬೇಕಷ್ಟೆ. ಪ್ರೊಜೆಕ್ಟರಿಗೂ ತಾನಾಗಿ ಹೊತ್ತಿಕೊಳ್ಳುವ ಸೆಟ್ಟಿಂಗ್ ಬೇರೆಯೇ ಉಂಟು.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2022ರ ಕೊಚ್ಚಿ-ಮುಜಿರಿಸ್ ಬಿನಾಲೆ ಡಿಸೆಂಬರ್ 12ರ ಬದಲು 23ಕ್ಕೆ ಬಾಗಿಲು ತೆರೆಯಿತು. ಆಗ ಕಲಾವಿದರು ಬರೆದ ಬಹಿರಂಗ ಪತ್ರದಲ್ಲಿ ಸೋರುವ ಮಳೆಯ ಜೊತೆ ಸ್ಥಿರ ವಿದ್ಯುತ್ ಇಲ್ಲದ ದೂರೂ ಇತ್ತು.

ನಮ್ಮ ಅಧಿಕಾರಿಗಳು ಕೊನೆಯ ಬಿಲ್ಲು ಪಾಸು ಮಾಡುವ ಮುನ್ನ ಮೇನ್ ಸ್ವಿಚ್ಚನ್ನು ಮೂರು ಸಲ ಆರಿಸಿ ನೋಡಲಿ: ಒಮ್ಮೆ ಎರಡು ಸೆಕೆಂಡು, ಒಮ್ಮೆ ಕಂಪ್ಯೂಟರ್ ಬಂದ್ ಆಗುವವರೆಗೆ, ಒಮ್ಮೆ ಯುಪಿಎಸ್ ಬರಿದಾಗುವ ತನಕ. ಮೂರು ಸಲವೂ ಯಾರೂ ಕೈ ಹಚ್ಚದೆ ಚಿತ್ರ ಗೋಡೆಗೆ ಬಂದರೆ ಮಾತ್ರ ಸಹಿ.