ಅಧಿಕ ರಕ್ತದೊತ್ತಡಕ್ಕೆ ದೂರವೈದ್ಯ ಸೇವೆ: ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಮನವಿ ಪತ್ರ

ಇವರಿಗೆ,
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್, ಮಂಗಳೂರು.

ವಿಷಯ: ರಕ್ತದೊತ್ತಡದ ರೋಗಿಗಳಿಗೆ ಮನೆಯ ಅಳತೆ, ದೂರವಾಣಿ ಸಮಾಲೋಚನೆ ಹಾಗೂ ಮಾತ್ರೆ ಪೂರೈಕೆಯನ್ನು ಒಂದೇ ವ್ಯವಸ್ಥೆಯಡಿ ತರುವ ಕುರಿತು.

ಮಾನ್ಯರೇ,

ಅಧಿಕ ರಕ್ತದೊತ್ತಡ, ಅಂದರೆ ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ಅಳೆದಾಗಲೂ ಒತ್ತಡವು 140/90 ಅಥವಾ ಅದಕ್ಕಿಂತ ಮೇಲಿರುವ ಸ್ಥಿತಿ, ಯಾವ ನೋವನ್ನೂ ತೋರಿಸದೆ ವರ್ಷಗಟ್ಟಲೆ ಉಳಿದು ಕೊನೆಗೆ ಪಾರ್ಶ್ವವಾಯು, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯವಾಗಿ ಎದುರಾಗುವ ಕಾಯಿಲೆಯಾದ್ದರಿಂದ, ಒಮ್ಮೆ ವೈದ್ಯರನ್ನು ಕಂಡು ಬರುವುದಕ್ಕಿಂತ ಬಿಡದೆ ಅಳೆಯುವುದು, ಅಳತೆಗೆ ತಕ್ಕಂತೆ ಔಷಧ ಹೊಂದಿಸುವುದು ಮತ್ತು ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಇದರ ಚಿಕಿತ್ಸೆಯ ಜೀವಾಳ. ತಜ್ಞರಿರುವ ಮಂಗಳೂರು ಸುಳ್ಯದಿಂದ ಸುಮಾರು 85 ಕಿ.ಮೀ. ದೂರವಿದ್ದು, ಮಡಪ್ಪಾಡಿ, ಕೊಲ್ಲಮೊಗ್ರು, ಬಾಳುಗೋಡಿನಂತಹ ಕಾಡಂಚಿನ ಊರುಗಳವರಿಗೆ ತಾಲ್ಲೂಕು ಕೇಂದ್ರ ತಲುಪುವುದಕ್ಕೇ ಒಂದು ದಿನದ ಕೂಲಿ ಹೋಗುವುದರಿಂದ, ಮೈಗೆ ಹಿತವೆನಿಸಿದ ಕೂಡಲೇ ಮಾತ್ರೆ ನಿಲ್ಲಿಸುವವರು ಇಲ್ಲಿ ಕಡಿಮೆಯಿಲ್ಲ.

ಈ ಅಂತರವನ್ನು ಕಡಿಮೆ ಮಾಡಲು ಕಾನೂನಿನ ಅಡ್ಡಿಯೇನೂ ಇಲ್ಲ. 2020ರ ಮಾರ್ಚ್ 25ರಂದು ಪ್ರಕಟವಾದ ಕೇಂದ್ರದ ದೂರವೈದ್ಯ ಮಾರ್ಗಸೂಚಿಯು, ಒಮ್ಮೆ ಖುದ್ದಾಗಿ ಪರೀಕ್ಷೆಗೊಳಗಾದ ರೋಗಿಗೆ ಅದೇ ಔಷಧವನ್ನು ಮುಂದುವರಿಸಲು ಮಾತ್ರವಲ್ಲದೆ, ಒತ್ತಡ ಹತೋಟಿಗೆ ಬಾರದಿದ್ದರೆ ಎರಡನೆಯ ಮಾತ್ರೆಯನ್ನು ಸೇರಿಸಲೂ ನೋಂದಾಯಿತ ವೈದ್ಯರಿಗೆ ಅವಕಾಶ ನೀಡಿದೆ. ಉಪಕೇಂದ್ರದಿಂದಲೇ ವೈದ್ಯರನ್ನು ಸಂಪರ್ಕಿಸುವ ಇ-ಸಂಜೀವಿನಿ 2019ರಿಂದ ಇದೆ. ಮನೆಬಾಗಿಲಿನ ತಪಾಸಣೆಗಾಗಿ ರಾಜ್ಯ ಸರ್ಕಾರವು 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿತು. ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಒದಗಿಸಿ ಅದರ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲೇ ನೋಡಿ ಸಲಹೆ ನೀಡುವ ಕ್ರಮವನ್ನು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ರೂಢಿಗೆ ತಂದಿರುವುದರಿಂದ, ಕೈಯಲ್ಲಿರುವ ಸರಳ ಸಾಧನದಿಂದಲೂ ಕೆಲಸ ನಡೆಯುತ್ತದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ.

ಆದರೆ ಕರೆಯಲ್ಲಿ ವೈದ್ಯರು ಹೇಳಿದ ಮಾತ್ರೆ ಊರಿಗೆ ಬಾರದಿದ್ದರೆ ಆ ಸಮಾಲೋಚನೆ ನಿಷ್ಫಲವಾಗುತ್ತದೆ ಎಂಬುದೇ ಈ ಮನವಿಯ ಮುಖ್ಯ ವಾದ. ಆದ್ದರಿಂದ ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್, ಕ್ಲೋರ್ಥಾಲಿಡೋನ್ ಎಂಬ ಮೂರು ಮೂಲ ಔಷಧಗಳ ದಾಸ್ತಾನು ಪ್ರತಿ ಆರೋಗ್ಯ ಉಪಕೇಂದ್ರದಲ್ಲಿಯೂ ಇರಬೇಕು. ಹತೋಟಿಯಲ್ಲಿರುವ ರೋಗಿಗಳಿಗೆ ಮೇ ತಿಂಗಳಲ್ಲೇ 90 ದಿನಗಳ ಮಾತ್ರೆ ಕೊಡಬೇಕು. 2022ರ ಆಗಸ್ಟ್ ಆರಂಭದ ಮಳೆಗೆ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು ಭಾಗದ ರಸ್ತೆ, ಸೇತುವೆಗಳು ಹಾನಿಗೊಂಡದ್ದನ್ನು ನೆನೆದರೆ ಈ ಬೇಡಿಕೆ ಅತಿಯಾದುದೆಂದು ಯಾರಿಗೂ ಅನಿಸದು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ, ಒಣಮೀನು ಊಟಕ್ಕೆ ಬರುವುದೂ ಇದೇ ಮಳೆಗಾಲದಲ್ಲಿ. ಉಪ್ಪು ಏರುವ ತಿಂಗಳುಗಳಲ್ಲೇ ಔಷಧ ತಪ್ಪುವುದು ಅಪಾಯಕರ.

ದೂರದಿಂದ ಔಷಧ ಬದಲಿಸುವ ವೈದ್ಯರು ನಂಬಬೇಕಾದದ್ದು ಅಂಕಿಗಳನ್ನು ಮಾತ್ರವಾದ್ದರಿಂದ ಅಳತೆ ಸರಿಯಾಗಿರಲೇಬೇಕು. ತೋಳಿಗೆ ಕಟ್ಟುವ, ಪರೀಕ್ಷಿಸಿ ಪ್ರಮಾಣೀಕರಿಸಿದ ಸ್ವಯಂಚಾಲಿತ ಯಂತ್ರವನ್ನು ಪ್ರತಿ ಆಶಾ ಕಾರ್ಯಕರ್ತೆಗೂ ಒದಗಿಸಿ, ಅದರೊಂದಿಗೆ ದೊಡ್ಡ ಅಳತೆಯ ಪಟ್ಟಿಯನ್ನೂ ಕೊಡಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಒತ್ತಡವು ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ತೋಟದ ಕೆಲಸ ಬಿಟ್ಟು ಅಥವಾ ಗುಡ್ಡ ಹತ್ತಿ ಬಂದವರನ್ನು ಆಗಲೇ ಅಳೆಯದೆ, ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಮಾತಿಲ್ಲದೆ ಕೂರಿಸಿ, ತೋಳನ್ನು ಎದೆಯ ಮಟ್ಟದಲ್ಲಿರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಚೀಟಿಯಲ್ಲಿ ಬರೆಯುವ ತರಬೇತಿಯೂ ಆಗಬೇಕು. ಮನೆಯಲ್ಲಿ ಒತ್ತಡವು ಸಾಮಾನ್ಯವಾಗಿ ಕಡಿಮೆ ಇರುವುದರಿಂದ ಅಲ್ಲಿನ ಮಿತಿ 135/85 ಎಂಬುದನ್ನು ಆ ಚೀಟಿಯಲ್ಲೇ ಮುದ್ರಿಸುವುದು ಒಳಿತು.

ಕರೆ ಮಾಡುವ ವೈದ್ಯರು ಪ್ರತಿ ಬಾರಿ ಬದಲಾಗದೆ, ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರದವರೇ ಆಗಿರಬೇಕು ಮತ್ತು ವಾರದ ಒಂದು ನಿಗದಿತ ದಿನ ದೊರೆಯಬೇಕು. ತುಳು, ಅರೆಭಾಷೆ, ಬ್ಯಾರಿ, ಮಲಯಾಳಂ ಮನೆಮಾತಿನವರೂ, 1964ರ ಒಪ್ಪಂದದನ್ವಯ ಶ್ರೀಲಂಕಾದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳೂ ಇಲ್ಲಿರುವುದರಿಂದ, ಕರೆಯ ವೇಳೆ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಆಶಾ ಕಾರ್ಯಕರ್ತೆ ರೋಗಿಯ ಪಕ್ಕದಲ್ಲಿರುವುದು ಅಗತ್ಯ. ನೆಟ್‌ವರ್ಕ್ ಸಿಗದೆಡೆ ವಿಡಿಯೊವನ್ನು ಕಡ್ಡಾಯ ಮಾಡದೆ ಧ್ವನಿ ಕರೆಯನ್ನೂ, ಅದೂ ಆಗದಿದ್ದರೆ ಉಪಕೇಂದ್ರಕ್ಕೆ ತಲುಪಿಸಿದ ಚೀಟಿಯನ್ನು ನೋಡಿ ವೈದ್ಯರು ನೀಡುವ ಸಲಹೆಯನ್ನೂ ಮಾನ್ಯ ಮಾಡಬೇಕು.

ದೂರವೈದ್ಯಕ್ಕೆ ಮಿತಿಯಿದೆ. ಎದೆನೋವು, ಮುಖ ವಾಲುವುದು, ಮಾತು ತೊದಲುವುದು ಕಂಡಾಗ ಫೋನಿನ ಸಲಹೆಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಪ್ರತಿ ಮನೆಗೂ ತಿಳಿಸಬೇಕು. ಕ್ರಿಯಾಟಿನಿನ್, ಪೊಟ್ಯಾಸಿಯಂ ಮುಂತಾದ, ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ರಕ್ತಪರೀಕ್ಷೆಗಳಿಗೆ ವರ್ಷಕ್ಕೊಮ್ಮೆಯಾದರೂ ಊರಿನಲ್ಲೇ ಮಾದರಿ ಸಂಗ್ರಹಿಸುವ ಏರ್ಪಾಡೂ ಆಗಬೇಕು.

ಮೂರೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳ ಸಭೆಯನ್ನು ಮಳೆಗಾಲಕ್ಕೆ ಮುನ್ನವೇ ಕರೆದು, ದಾಸ್ತಾನು ಮತ್ತು ಯಂತ್ರಗಳಿಗೆ ಅನುದಾನ ನಿಗದಿಪಡಿಸಿ, ಕೈಗೊಂಡ ಕ್ರಮವನ್ನು ಗ್ರಾಮ ಪಂಚಾಯತ್‌ಗಳಿಗೆ ಲಿಖಿತವಾಗಿ ತಿಳಿಸಬೇಕೆಂದು ಮನವಿದಾರರು ವಿನಯಪೂರ್ವಕವಾಗಿ ಕೋರುತ್ತಾರೆ.

ಇತಿ,
ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ನಾಗರಿಕರು